ಪಿಎಚ್‌ಡಿ ಪ್ರವೇಶ: ಆಯ್ಕೆ ಹೇಗೆ ನಡೆಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್‌ಡಿಗೆ ಅರ್ಜಿ ಹಾಕಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಆಯ್ಕೆ ಸಮಿತಿಯಲ್ಲಿ ಮೊದಲ ಸಲ ಕೂರುವ ಅಧ್ಯಾಪಕರು ಕೇಳುವುದೂ ಒಂದಿದೆ. ದೇಶದ ವಿಶ್ವವಿದ್ಯಾಲಯಗಳಲ್ಲಿ ಈ ಆಯ್ಕೆಗೆ ಬುನಾದಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್ 7ರಂದು ಹೊರಡಿಸಿದ ಪಿಎಚ್‌ಡಿ ನಿಯಮಾವಳಿ. ಅದರ ಮೇಲೆ ಪ್ರತಿ ವಿಶ್ವವಿದ್ಯಾಲಯವೂ ತನ್ನ ನಿಯಮಗಳನ್ನು ಮಾಡಿಕೊಂಡಿರುತ್ತದೆ. ಹಾಗಾಗಿ ಇಲ್ಲಿ ಓದಿದ್ದನ್ನು ನೀವು ಅರ್ಜಿ ಹಾಕುವ ಕಡೆಯ ಅಧಿಸೂಚನೆಯೊಂದಿಗೆ ತಾಳೆ ನೋಡಿಕೊಳ್ಳಿ.

ಯಾರು ಅರ್ಜಿ ಹಾಕಬಹುದು?

ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 55 ಅಂಕ ಪಡೆದವರು. ನಾಲ್ಕು ವರ್ಷದ ಪದವಿ ಮಾಡಿ, ಅದರ ಮೇಲೆ ಒಂದು ವರ್ಷದ ಸ್ನಾತಕೋತ್ತರ ಮಾಡಿದವರಿಗೂ ಅದೇ ಶೇ 55. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್‌ಡಿಗೆ ಬರುವವರಿಗೆ ಶೇ 75 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರಷ್ಟು ಸಡಿಲಿಕೆ ಇದೆ.

ನನ್ನ ಅಂಕ ಶೇ 54.7. ಅದನ್ನು 55 ಎಂದು ಹಾಕಬಹುದೇ?

ಬೇಡ. ಅಧಿಸೂಚನೆಯಲ್ಲೇ ಹಾಗೆಂದು ಬರೆದಿಲ್ಲದಿದ್ದರೆ 54.7 ಎಂದರೆ 54.7. ಆನ್‌ಲೈನ್ ಅರ್ಜಿ 55 ಎಂದು ತುಂಬಿದರೆ ಒಪ್ಪಿಕೊಳ್ಳುತ್ತದೆ, ಪರೀಕ್ಷೆಯನ್ನೂ ಬರೆಯಲು ಬಿಡುತ್ತದೆ. ಸಿಕ್ಕಿಬೀಳುವುದು ದಾಖಲೆ ಪರಿಶೀಲನೆಯ ದಿನ, ಮೂಲ ಅಂಕಪಟ್ಟಿ ಮೇಜಿನ ಮೇಲೆ ಬಂದಾಗ. ಅಷ್ಟರಲ್ಲಿ ಆರು ತಿಂಗಳು ಹೋಗಿರುತ್ತದೆ. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರ ನಿಮ್ಮ ಹಳೆಯ ವಿಶ್ವವಿದ್ಯಾಲಯದ್ದೇ ಇರಬೇಕು. 10ರಿಂದ ಗುಣಿಸಿದರಾಯಿತು ಎಂದುಕೊಳ್ಳಬೇಡಿ. ಪರೀಕ್ಷಾಂಗ ವಿಭಾಗದಿಂದ ಪರಿವರ್ತನೆ ಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ನೆಟ್ ಬರೆಯಲೇಬೇಕೇ?

ನೆಟ್ ಎಂದರೆ ಅಧ್ಯಾಪಕ ಹುದ್ದೆ ಮತ್ತು ಫೆಲೋಶಿಪ್‌ಗಾಗಿ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ. 2024ರ ಮಾರ್ಚ್‌ನಲ್ಲಿ ಯುಜಿಸಿಯು ಅದರ ಅಂಕಗಳನ್ನೇ ಪಿಎಚ್‌ಡಿ ಪ್ರವೇಶಕ್ಕೆ ಬಳಸಬಹುದು ಎಂದು ಪ್ರಕಟಿಸಿತು. ಆಗಿನಿಂದ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ. ಮೊದಲನೆಯದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್), ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ ಮೂರೂ ಸೇರಿದ್ದು. ಎರಡನೆಯದು ಜೆಆರ್‌ಎಫ್ ಬಿಟ್ಟು ಉಳಿದೆರಡು. ಮೂರನೆಯದು ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಜೆಆರ್‌ಎಫ್ ಪಡೆದವರ ಆಯ್ಕೆ ಸಂದರ್ಶನದ ಮೇಲೆ ನಡೆಯುತ್ತದೆ. ಎರಡು ಮತ್ತು ಮೂರನೇ ವರ್ಗದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30.

ಹೆಚ್ಚಿನವರು ಎಡವುವುದು ಇಲ್ಲಿ: ಎರಡು ಮತ್ತು ಮೂರನೇ ವರ್ಗದ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ಅಂಥ ಅವಧಿ ಇಲ್ಲ. ಹಾಗಾಗಿ ಎರಡೂ ಒಂದೇ ಎಂದುಕೊಂಡು ಹಳೆಯ ಸರ್ಟಿಫಿಕೇಟ್ ಹಿಡಿದು ಬರುತ್ತಾರೆ.

ಹಲವು ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆಯನ್ನೂ ನಡೆಸುತ್ತವೆ. ಕೆ-ಸೆಟ್ (ರಾಜ್ಯದ ಸಹಾಯಕ ಪ್ರಾಧ್ಯಾಪಕ ಅರ್ಹತಾ ಪರೀಕ್ಷೆ) ಪಾಸಾದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಕೊಡುವ ಕಡೆಗಳೂ ಇವೆ, ಕೊಡದ ಕಡೆಗಳೂ ಇವೆ. ಅಧಿಸೂಚನೆಯಲ್ಲಿ ‘ವಿನಾಯಿತಿ’ ಎಂಬ ತಲೆಬರಹದ ಕೆಳಗೆ ನೋಡಿ. ವಿನಾಯಿತಿ ಇದ್ದರೂ ಅರ್ಜಿ ಹಾಕಿ ಶುಲ್ಕ ಕಟ್ಟಲೇಬೇಕು; ಪರೀಕ್ಷೆ ಇಲ್ಲ ಎಂದರೆ ಅರ್ಜಿಯೂ ಬೇಡ ಎಂದು ತಿಳಿದು ಕೊನೆಯ ದಿನಾಂಕ ಕಳೆದುಕೊಳ್ಳುವವರು ಇದ್ದಾರೆ. ಐಐಟಿ, ಐಐಎಸ್‌ಸಿಯಂಥ ಸಂಸ್ಥೆಗಳ ದಾರಿ ಬೇರೆ. ಅಲ್ಲಿ ಗೇಟ್ (ಎಂಜಿನಿಯರಿಂಗ್ ಮತ್ತು ವಿಜ್ಞಾನದವರ ರಾಷ್ಟ್ರಮಟ್ಟದ ಪರೀಕ್ಷೆ) ಅಥವಾ ಜೆಆರ್‌ಎಫ್‌ನಂಥ ಅರ್ಹತೆಯ ಮೇಲೆ ಕರೆ ಬರುತ್ತದೆ, ಆಮೇಲೆ ವಿಭಾಗದ ಸಂದರ್ಶನ.

ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಏನು ಓದಬೇಕು?

ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. ಸಾಮಾನ್ಯ ವರ್ಗದವರು ಶೇ 50 ತೆಗೆದರೆ ಸಂದರ್ಶನಕ್ಕೆ ಅರ್ಹರು. ಸಡಿಲಿಕೆ ಇರುವವರಿಗೆ 5 ಅಂಕ ಕಡಿಮೆ. ಅರ್ಹರಾದವರನ್ನೆಲ್ಲ ಕರೆಯಲೇಬೇಕೆಂದಿಲ್ಲ. ಖಾಲಿ ಸೀಟುಗಳನ್ನು ನೋಡಿಕೊಂಡು ಎಷ್ಟು ಜನರನ್ನು ಕರೆಯಬೇಕೆಂದು ವಿಶ್ವವಿದ್ಯಾಲಯ ತೀರ್ಮಾನಿಸಬಹುದು.

ಓದಿನಲ್ಲಿ ಆಗುವ ತಪ್ಪು ಒಂದೇ: ವಿಷಯದ ಅರ್ಧವನ್ನು ಎರಡು ತಿಂಗಳು ಓದಿ, ಸಂಶೋಧನಾ ವಿಧಾನವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳುವುದು. ಭಾಷೆ, ಸಾಹಿತ್ಯ, ಇತಿಹಾಸದವರಿಗೆ ಮಾದರಿ ಆಯ್ಕೆ, ಸರಾಸರಿ–ಮಧ್ಯಾಂಕ, ಪ್ರಾಕ್ಕಲ್ಪನೆ ಇವೆಲ್ಲ ಹೊಸ ಮಾತು. ಆದರೆ ಪ್ರಶ್ನೆಗಳ ಮಟ್ಟ ತೀರಾ ಮೇಲಿನದಲ್ಲ. ದಿನಕ್ಕೊಂದು ಗಂಟೆಯಂತೆ ಆರು ವಾರ ಕೂತರೆ ಹಿಡಿತಕ್ಕೆ ಬರುತ್ತದೆ.

ಪರೀಕ್ಷೆ ಮತ್ತು ಸಂದರ್ಶನದ 70:30 ಲೆಕ್ಕ ಹಾಕುವುದು ಹೇಗೆ?

ಒಬ್ಬ ಅಭ್ಯರ್ಥಿಗೆ ಪರೀಕ್ಷೆಯಲ್ಲಿ 100ಕ್ಕೆ 64 ಬಂದಿದೆ ಎನ್ನೋಣ. 64ರ ಶೇ 70 ಎಂದರೆ 44.8. ಸಂದರ್ಶನದಲ್ಲಿ 30ಕ್ಕೆ 22. ಒಟ್ಟು 66.8. ಇನ್ನೊಬ್ಬರಿಗೆ ಪರೀಕ್ಷೆಯಲ್ಲಿ 58, ಅಂದರೆ 40.6. ಸಂದರ್ಶನದಲ್ಲಿ 27. ಒಟ್ಟು 67.6. ಪರೀಕ್ಷೆಯಲ್ಲಿ 6 ಅಂಕ ಹಿಂದಿದ್ದವರು ಪಟ್ಟಿಯಲ್ಲಿ ಮುಂದೆ ಬಂದರು. ಪರೀಕ್ಷೆಯ 6 ಅಂಕಕ್ಕೆ ಇಲ್ಲಿ ಬೆಲೆ 4.2, ಸಂದರ್ಶನದ 5 ಅಂಕಕ್ಕೆ ಪೂರ್ತಿ 5. ಸಂದರ್ಶನಕ್ಕೆ ಬಂದವರೆಲ್ಲ 50 ದಾಟಿದವರೇ ಆದ್ದರಿಂದ ಅವರ ಪರೀಕ್ಷೆಯ ಅಂಕಗಳು ಹೆಚ್ಚಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಂದರ್ಶನದ ಅಂಕಗಳು ಹಾಗಲ್ಲ, 10ರಿಂದ 28ರವರೆಗೆ ಹರಡಿರಬಹುದು. ಕೊನೆಯ ತೀರ್ಮಾನ ಆಗುವುದು ಅಲ್ಲಿ.

ನೆಟ್ ಆದರೆ 150 ಪ್ರಶ್ನೆಗೆ 300 ಅಂಕ. 300ಕ್ಕೆ 186 ಎಂದರೆ ಶೇ 62, ಅದರ ಶೇ 70 ಎಂದರೆ 43.4. ಫಲಿತಾಂಶದ ಹಾಳೆಯಲ್ಲಿ ಪರ್ಸೆಂಟೈಲ್, ಅಂದರೆ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ಶೇಕಡಾ ಎಷ್ಟು ಎಂಬ ಸಂಖ್ಯೆ, ಕೂಡ ಇರುತ್ತದೆ. ಅರ್ಜಿಯಲ್ಲಿ ಅಂಕ ಕೇಳಿರುವ ಜಾಗದಲ್ಲಿ ಪರ್ಸೆಂಟೈಲ್ ತುಂಬಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸೀಟು ಎಷ್ಟೆಂದು ಯಾರು ನಿರ್ಧರಿಸುತ್ತಾರೆ?

ಗೈಡ್‌ಗಳ ಬಳಿ ಉಳಿದಿರುವ ಜಾಗ ಅದನ್ನು ನಿರ್ಧರಿಸುತ್ತದೆ. ಪ್ರಾಧ್ಯಾಪಕರು ಒಂದು ಹೊತ್ತಿಗೆ 8 ಜನರಿಗೆ, ಸಹ ಪ್ರಾಧ್ಯಾಪಕರು 6 ಜನರಿಗೆ, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಯಾವ ಗೈಡ್ ಬಳಿ ಯಾರಿದ್ದಾರೆ, ಅವರ ವಿಷಯವೇನು, ಯಾವಾಗ ಸೇರಿದರು ಎಂಬ ಪಟ್ಟಿಯನ್ನು ವಿಶ್ವವಿದ್ಯಾಲಯ ತನ್ನ ಜಾಲತಾಣದಲ್ಲಿ ಹಾಕಿ ವರ್ಷವರ್ಷ ಪರಿಷ್ಕರಿಸಬೇಕು. ಅರ್ಜಿ ಹಾಕುವ ಮೊದಲು ಒಂದು ಸಂಜೆ ಕೂತು ಆ ಪಟ್ಟಿ ಎಣಿಸಿ. ನಿಮ್ಮ ಕ್ಷೇತ್ರದ ಗೈಡ್ ಬಳಿ ಒಂದೂ ಜಾಗವಿಲ್ಲದಿದ್ದರೆ ಎಷ್ಟು ಅಂಕ ಬಂದರೂ ಆ ವರ್ಷ ಅಲ್ಲಿ ಅವರಡಿ ಕೆಲಸ ಮಾಡಲಾಗದು.

ಮೊದಲೇ ಗೈಡ್ ಹಿಡಿದಿಟ್ಟುಕೊಳ್ಳಬೇಕು ಎನ್ನುತ್ತಾರೆ. ನಿಜವೇ?

ಗೈಡ್ ಯಾರೆಂದು ಹಂಚುವುದು ವಿಭಾಗ. ಒಬ್ಬರ ಬಳಿ ಎಷ್ಟು ಜನರಿದ್ದಾರೆ, ಅವರ ಪರಿಣತಿ ಯಾವುದು, ನೀವು ಸಂದರ್ಶನದಲ್ಲಿ ಹೇಳಿದ ಆಸಕ್ತಿ ಯಾವುದು, ಇವುಗಳ ಮೇಲೆ. ಯಾರೊಬ್ಬರ ಬಾಯಿಮಾತಿನ ಒಪ್ಪಿಗೆ ಸೀಟಾಗುವುದಿಲ್ಲ. ಹಾಗೆಂದು ಅಧ್ಯಾಪಕರನ್ನು ಕಾಣಬಾರದು ಎಂದಲ್ಲ. ಅವರ ಎರಡು ಲೇಖನ ಓದಿ, ಅರ್ಧ ಪುಟದ ಇಮೇಲ್ ಬರೆದು, ‘ಸರ್/ಮೇಡಂ, ಈ ಪ್ರಶ್ನೆಯ ಮೇಲೆ ಕೆಲಸ ಮಾಡುವ ಆಸೆಯಿದೆ, ನಿಮ್ಮ ವಿಭಾಗದಲ್ಲಿ ಇದು ಹೊಂದುತ್ತದೆಯೇ’ ಎಂದು ಕೇಳುವುದು ಒಳ್ಳೆಯ ಕ್ರಮ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ಬರೆಯಿರಿ. ಸೀಟು ಕೊಡಿಸುತ್ತೇನೆಂದು ಹಣ ಕೇಳುವವರು ಯಾರೇ ಆಗಿರಲಿ, ಅಲ್ಲಿಂದ ಎದ್ದು ಬನ್ನಿ.

ಸಂಶೋಧನಾ ಪ್ರಸ್ತಾವ ಹೇಗಿರಬೇಕು?

ಅರ್ಜಿಗಳಲ್ಲಿ ಅತಿ ಹೆಚ್ಚು ಕೆಡುವುದು ಇದೇ. ಕೆಡಲು ಕಾರಣ ಶೀರ್ಷಿಕೆ ದೊಡ್ಡದಾಗಿ, ಪ್ರಶ್ನೆಯೇ ಇಲ್ಲದಿರುವುದು.

‘ಗ್ರಾಮೀಣ ಮಹಿಳಾ ಸಬಲೀಕರಣದಲ್ಲಿ ಸ್ವಸಹಾಯ ಸಂಘಗಳ ಪಾತ್ರ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ನೋಡಿ. ಯಾವ ಊರು, ಯಾವ ಕಾಲ, ಏನನ್ನು ಅಳೆಯುತ್ತೀರಿ, ಉತ್ತರ ‘ಪಾತ್ರವಿಲ್ಲ’ ಎಂದು ಬರುವ ಸಾಧ್ಯತೆಯಾದರೂ ಇದೆಯೇ? ಯಾವುದೂ ತಿಳಿಯುವುದಿಲ್ಲ. ಇದನ್ನೇ ಹೀಗೆ ಕೇಳಿ: ಸಂಘದಿಂದ ತೆಗೆದ ಸಾಲ ಬರೆಸಿದ ಕಾರಣಕ್ಕೇ ಖರ್ಚಾಗುತ್ತದೆಯೇ, ಆ ಖರ್ಚನ್ನು ಮನೆಯಲ್ಲಿ ಯಾರು ತೀರ್ಮಾನಿಸುತ್ತಾರೆ? ಈಗ ಆಧಾರಗಳು ತಾವಾಗಿ ಕಾಣುತ್ತವೆ: ಸಂಘದ ಠರಾವು ಪುಸ್ತಕ, ಸಾಲದ ಲೆಡ್ಜರ್, ಬ್ಯಾಂಕ್ ಪಾಸ್‌ಬುಕ್, ಆಮೇಲೆ ಸದಸ್ಯೆಯರ ಮಾತು. ಒಂದು ತಾಲ್ಲೂಕಿನ ಎರಡು ಹೋಬಳಿ, 20 ಸಂಘ, ಮೂರು ವರ್ಷದ ಲೆಕ್ಕ, 60 ಜನರ ಸಂದರ್ಶನ ಎಂದು ಗೆರೆ ಎಳೆಯಬಹುದು. ಠರಾವು ಪುಸ್ತಕದಲ್ಲಿ ‘ಕುರಿ ಸಾಕಣೆಗೆ’ ಎಂದು ಬರೆಸಿದ 20,000 ರೂಪಾಯಿ ಮಗಳ ಕಾಲೇಜು ಫೀಸಿಗೆ ಹೋಗಿರಬಹುದು. ಕಾಗದಕ್ಕೂ ಮನೆಗೂ ನಡುವಿನ ಆ ಅಂತರದಿಂದಲೇ ನಿಮ್ಮ ಸಂಶೋಧನೆ ಶುರುವಾಗುತ್ತದೆ.

ವಿಜ್ಞಾನದವರಿಗೂ ಇದೇ ಮಾತು. ‘ಕೆರೆಗಳ ನೀರಿನ ಗುಣಮಟ್ಟ’ ಎಂದರೆ ಸಾಲದು. ಎಷ್ಟು ಕೆರೆ, ಒಂದೊಂದರಲ್ಲಿ ಎಷ್ಟು ಕಡೆಯಿಂದ ಮಾದರಿ, ಮಳೆಗಾಲದ ಮೊದಲೋ ಆಮೇಲೋ, ಸೀಸ–ಕ್ಯಾಡ್ಮಿಯಂ ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರ ವಿಭಾಗದಲ್ಲಿದೆಯೋ, ಹೊರಗೆ ಕೊಟ್ಟರೆ ಮಾದರಿಯೊಂದಕ್ಕೆ ಖರ್ಚೆಷ್ಟು? ಇಷ್ಟು ಬರೆದವರ ಪ್ರಸ್ತಾವ ಓದುವಾಗ ಸಮಿತಿಗೆ ಈ ಮನುಷ್ಯ ಕೆಲಸ ಮಾಡಬಲ್ಲ ಎಂಬ ನಂಬಿಕೆ ಹುಟ್ಟುತ್ತದೆ.

ಉದ್ದ ಅಧಿಸೂಚನೆಯಲ್ಲಿ ಹೇಳಿದಷ್ಟು. ಹೇಳಿಲ್ಲದಿದ್ದರೆ 1,500ರಿಂದ 2,000 ಪದ ಸಾಕು. ಅದರಲ್ಲಿ ಪ್ರಶ್ನೆಗೆ ಒಂದು ಪ್ಯಾರಾ, ಹಿಂದಿನ ಕೆಲಸಗಳಿಗೆ ಒಂದೂವರೆ ಪುಟ, ವಿಧಾನಕ್ಕೆ ಎರಡು ಪುಟ. ‘ಈ ಕ್ಷೇತ್ರದಲ್ಲಿ ಈವರೆಗೆ ಯಾವುದೇ ಅಧ್ಯಯನ ನಡೆದಿಲ್ಲ’ ಎಂದು ಬರೆಯುವ ಮೊದಲು ಶೋಧಗಂಗಾದಲ್ಲಿ ಹುಡುಕಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್ ಅಲ್ಲಿ ಕಲೆಹಾಕಿ ಉಚಿತವಾಗಿ ಇಟ್ಟಿದೆ. ಕನ್ನಡದ ವಿಷಯವಾದರೆ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಹುಡುಕಬೇಕು, ಶೀರ್ಷಿಕೆಗಳು ಎರಡೂ ಬಗೆಯಲ್ಲಿ ಸೇರಿವೆ. ಅದೇ ವಿಷಯದ ಪ್ರಬಂಧ ಸಿಕ್ಕರೆ ಎದೆಗುಂದಬೇಡಿ. ಅದರ ಕೊನೆಯ ಅಧ್ಯಾಯದಲ್ಲಿ ಮುಂದೆ ಆಗಬೇಕಾದ ಕೆಲಸ ಎಂಬ ಭಾಗ ಓದಿ, ನಿಮ್ಮ ಪ್ರಶ್ನೆ ಅಲ್ಲೇ ಕಾದಿರಬಹುದು.

ಬೇರೆಯವರ ಪ್ರಸ್ತಾವ ತಿದ್ದಿಯೋ ಎಐಯಿಂದ ಬರೆಸಿಯೋ ತಂದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಎಐ ಕೊಡುವ ಲೇಖನಗಳ ಪಟ್ಟಿಯಲ್ಲಿ ಇಲ್ಲದ ಲೇಖನಗಳೂ ಸೇರಿರುತ್ತವೆ. ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ನೀವು ಕೈಯಲ್ಲಿ ಹಿಡಿದು ನೋಡಿರಬೇಕು.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಸಾಮಾನ್ಯವಾಗಿ 10ರಿಂದ 20 ನಿಮಿಷ. ಸಮಿತಿ ಒಳಗೊಳಗೆ ಮೂರು ವಿಚಾರ ತೂಗುತ್ತಿರುತ್ತದೆ: ಈ ಕೆಲಸ ಮಾಡುವ ಶಕ್ತಿ ಇವರಿಗಿದೆಯೇ, ನಮ್ಮ ವಿಭಾಗದಲ್ಲಿ ಇದನ್ನು ಮಾಡಲು ಆಗುತ್ತದೆಯೇ, ಮಾಡಿದರೆ ಹೊಸದೇನಾದರೂ ಸಿಗುತ್ತದೆಯೇ.

ಪ್ರಶ್ನೆಗಳು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತವೆ. ‘ಮಾಹಿತಿ ಹೇಗೆ ಸಂಗ್ರಹಿಸುತ್ತೀರಿ?’ ‘ಪ್ರಶ್ನಾವಳಿ ಹಂಚುತ್ತೇನೆ ಸರ್.’ ‘ಎಷ್ಟು ಜನರಿಗೆ?’ ‘300.’ ‘300 ಯಾಕೆ?’ ಅಭ್ಯರ್ಥಿ ಮೌನವಾಗುವುದು ಇಲ್ಲೇ. ಸಮಿತಿ ಕಾದಿರುವುದು ಸೂತ್ರಕ್ಕಲ್ಲ. ‘ತಾಲ್ಲೂಕಿನಲ್ಲಿ ಇಷ್ಟು ಸಂಘಗಳಿವೆ, ಪ್ರತಿ ಹೋಬಳಿಯಿಂದ ಇಷ್ಟು ಆರಿಸಿದರೆ ಹಳೆಯವೂ ಹೊಸವೂ ಸಿಗುತ್ತವೆ, ಒಬ್ಬಳೇ ಓಡಾಡಿ ವಾರಕ್ಕೆ ನಾಲ್ಕು ಮನೆ ಮುಗಿಸಬಲ್ಲೆ’ ಎಂದರೂ ಅದು ಪೂರ್ಣ ಉತ್ತರ. ಕಾರಣ ಇರಬೇಕು, ಅದು ನಿಮ್ಮದಾಗಿರಬೇಕು.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಮೇಡಂ, ಓದಿಲ್ಲ’ ಎಂದರೆ ಅಂಕ ಹೋಗುವುದು ಆ ಒಂದು ಪ್ರಶ್ನೆಗೆ. ಊಹಿಸಿ ಹೇಳಿದರೆ ಅದರ ಮೇಲೆ ಮೂರು ಪ್ರಶ್ನೆ ಬರುತ್ತವೆ. ಎಂ.ಎ. ಪ್ರಾಜೆಕ್ಟ್ ಬಗ್ಗೆ ಖಂಡಿತ ಕೇಳುತ್ತಾರೆ, ಅದರ ಪ್ರತಿ ತನ್ನಿ. ಅದರಲ್ಲಿ ಏನು ತಪ್ಪಾಯಿತು, ಈಗ ಮಾಡಿದರೆ ಹೇಗೆ ಮಾಡುತ್ತೀರಿ ಎಂಬ ಪ್ರಶ್ನೆಗೆ ಮನೆಯಲ್ಲೇ ಉತ್ತರ ಯೋಚಿಸಿ ಬನ್ನಿ. ಎಳೆಯ ಸಂಶೋಧಕರನ್ನು ಗುರುತಿಸಲು ನಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕಂಡಿಲ್ಲ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಹಿನ್ನಡೆಯಾಗುತ್ತದೆಯೇ?

ಕನ್ನಡ ವಿಭಾಗದ ಸಂದರ್ಶನ ಕನ್ನಡದಲ್ಲೇ, ನೆಟ್‌ನಲ್ಲೂ ಕನ್ನಡ ಒಂದು ವಿಷಯ. ಸಮಾಜ ವಿಜ್ಞಾನಗಳಲ್ಲಿ ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂದು ಆ ವಿಶ್ವವಿದ್ಯಾಲಯದ ನಿಯಮ ನೋಡಿ. ಇದ್ದರೆ ಸಂದರ್ಶನದ ಆರಂಭದಲ್ಲೇ ‘ಕನ್ನಡದಲ್ಲಿ ಉತ್ತರಿಸಬಹುದೇ’ ಎಂದು ಕೇಳಿ. ಸಂಕೋಚ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಮಾತಿಗಿಂತ ಓದು ಮುಖ್ಯ. ನಿಮ್ಮ ವಿಷಯದ ಇಂಗ್ಲಿಷ್ ಲೇಖನವನ್ನು ನಿಘಂಟು ಇಟ್ಟುಕೊಂಡಾದರೂ ಓದಿ, ಅದರ ವಾದವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರಾದರೆ ಸಮಿತಿಗೆ ಬೇಕಾದದ್ದು ಸಿಕ್ಕಿತು.

ಜಾತಿ ಪ್ರಮಾಣಪತ್ರದಲ್ಲಿ ಯಾಕೆ ಇಷ್ಟು ತೊಂದರೆಯಾಗುತ್ತದೆ?

ರಾಜ್ಯದ ಪಟ್ಟಿಯೂ ಕೇಂದ್ರದ ಪಟ್ಟಿಯೂ ಬೇರೆ ಬೇರೆ ಆಗಿರುವುದರಿಂದ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವರ್ಗ-1, 2ಎ, 2ಬಿ, 3ಎ, 3ಬಿ ನಡೆಯುತ್ತವೆ. ಕಲಬುರಗಿಯ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ, ಹಾಗೆಯೇ ನೆಟ್‌ಗೆ, ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಸಮುದಾಯ ಇರಬೇಕು, ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲವೂ ಕೇಂದ್ರದ್ದರಲ್ಲಿ ಇಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ‘ಕೇಂದ್ರ ಸರ್ಕಾರದ ಉದ್ದೇಶಕ್ಕೆ’ ಎಂದು ಹೇಳಿ. ಕೆನೆಪದರ ಮತ್ತು ಆರ್ಥಿಕ ದುರ್ಬಲ ವರ್ಗದ ಪತ್ರಗಳನ್ನು ಹೆಚ್ಚಿನ ಕಡೆ ಆಯಾ ಆರ್ಥಿಕ ವರ್ಷದ್ದೇ ಕೇಳುತ್ತಾರೆ, ಅಂದರೆ ಏಪ್ರಿಲ್ 1ರ ನಂತರದ್ದು. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಪ್ರಮಾಣಪತ್ರದಲ್ಲಿ ‘ಕೆ. ಮಂಜುನಾಥ್’ ಎಂದಿದ್ದರೆ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಕೆಲಸ ಬಿಡದೆ ಮಾಡಬಹುದೇ?

ಪಾರ್ಟ್ ಟೈಮ್‌ಗೆ ಅವಕಾಶವಿದೆ, ಆಯ್ಕೆಯ ಕ್ರಮ ಅದೇ. ಉದ್ಯೋಗದಾತರ ನಿರಾಕ್ಷೇಪಣಾ ಪತ್ರದಲ್ಲಿ ಮೂರು ಸಂಗತಿ ಇರಬೇಕು: ಪಾರ್ಟ್ ಟೈಮ್ ಓದಲು ಅನುಮತಿ ಕೊಟ್ಟಿದ್ದೇವೆ, ಇವರ ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿಯ ಭಾಗವಾದ ತರಗತಿಗಳಿಗೆ) ಬಿಡುಗಡೆ ಮಾಡುತ್ತೇವೆ. ಮೂರನೆಯದು ಇಲ್ಲದ ಪತ್ರಗಳು ವಾಪಸು ಬರುತ್ತವೆ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ.

ಫೆಲೋಶಿಪ್ ಎಷ್ಟು?

ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದಾಗ 42,000. ಈ ದರ 2023ರ ಜನವರಿ 1ರಿಂದ ಬಂದದ್ದು. ಮನೆ ಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ಇಲ್ಲದವರು ಸೇರುವ ಮೊದಲೇ ವಿಶ್ವವಿದ್ಯಾಲಯದ ಫೆಲೋಶಿಪ್ ಇದೆಯೇ, ಎಷ್ಟು ವರ್ಷ, ಹಣ ತಿಂಗಳಿಗೊಮ್ಮೆ ಬರುತ್ತದೋ ವರ್ಷಕ್ಕೊಮ್ಮೆಯೋ ಎಂದು ಈಗ ಓದುತ್ತಿರುವವರನ್ನೇ ಕೇಳಿ. ಮಂಜೂರಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ತಿಂಗಳುಗಳು ಹಿಡಿಯಬಹುದು. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಮೊದಲ ವರ್ಷ ನೆಮ್ಮದಿಯಾಗಿ ಓದಬಹುದು.

ಸಮಿತಿಯಲ್ಲಿ ಕೂರುವವರು ಅಂಕ ಕೊಡುವ ಸರಿಯಾದ ಕ್ರಮ ಯಾವುದು?

ಮೊದಲ ಅಭ್ಯರ್ಥಿ ಒಳಗೆ ಬರುವ ಮುನ್ನ ತಲೆಬರಹಗಳನ್ನು ಗೊತ್ತುಮಾಡಿ. 100 ಅಂಕವಾದರೆ ಪ್ರಶ್ನೆಯ ಸ್ಪಷ್ಟತೆ, ಹಿಂದಿನ ಕೆಲಸದ ತಿಳಿವು, ವಿಧಾನ, ವಿಷಯಜ್ಞಾನ, ಇಲ್ಲಿ ಮಾಡುವ ಸಾಧ್ಯತೆ, ತಲಾ 20. ಎಲ್ಲರಿಗೂ ಮೊದಲೆರಡು ಪ್ರಶ್ನೆ ಒಂದೇ ಇರಲಿ. ಅಭ್ಯರ್ಥಿ ಹೊರಗೆ ಹೋದ ಕೂಡಲೇ ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಪೆನ್ನಿನಲ್ಲಿ ಅಂಕ ಬರೆದು, ಆಮೇಲೆ ಮಾತಾಡಿ. ಹಿರಿಯರು ಮೊದಲು ‘ಚೆನ್ನಾಗಿದ್ದಾನೆ’ ಎಂದುಬಿಟ್ಟರೆ ಉಳಿದವರ ಅಂಕ ಆ ಕಡೆಗೇ ವಾಲುತ್ತದೆ. ಪ್ರವೇಶ ಪರೀಕ್ಷೆಯ ಅಂಕಪಟ್ಟಿ ಮೇಜಿನ ಮೇಲೆ ಇರಬಾರದು. ಅದಕ್ಕೆ ಶೇ 70 ಆಗಲೇ ಸಂದಿದೆ, ಅದನ್ನು ನೋಡಿ ಸಂದರ್ಶನದ ಅಂಕ ಕೊಟ್ಟರೆ ಒಂದನ್ನೇ ಎರಡು ಸಲ ಎಣಿಸಿದಂತೆ.

ದಿನಕ್ಕೆ 25ಕ್ಕಿಂತ ಹೆಚ್ಚು ಜನರನ್ನು ಕರೆಯಬೇಡಿ. ಬೆಳಗಿನವರಿಗೆ ಬಿಗಿ, ಮಧ್ಯಾಹ್ನದವರಿಗೆ ಸಡಿಲ ಆಗುವುದು ಸಹಜ. ಊಟಕ್ಕೆ ಏಳುವ ಮೊದಲು ಬೆಳಗಿನ ಮೊದಲ ಮೂರು ಹಾಳೆಗಳನ್ನು ಇನ್ನೊಮ್ಮೆ ನೋಡಿ. ತಿದ್ದಿದ ಅಂಕದ ಪಕ್ಕದಲ್ಲಿ ಸಹಿ ಇರಲಿ. ಅಭ್ಯರ್ಥಿ ನಿಮ್ಮ ಬಂಧುವಾದರೆ ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಮದುವೆ ಯಾವಾಗ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಹೆಣ್ಣುಮಕ್ಕಳನ್ನು ಕೇಳುವುದು ಇನ್ನೂ ನಿಂತಿಲ್ಲ. ಅದು ಸಂಶೋಧನೆಯ ಪ್ರಶ್ನೆಯಲ್ಲ. ಅವಧಿಯ ಆತಂಕವಿದ್ದರೆ ನಿಯಮದಲ್ಲೇ ದಾರಿಯಿದೆ: ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷ, 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ.

ಆಯ್ಕೆಯಾದೆ. ಇನ್ನೇನು?

ಶುಲ್ಕದ ಕೊನೆಯ ದಿನ ನೋಡಿ, ತಪ್ಪಿದರೆ ಕಾಯ್ದಿರಿಸಿದ ಪಟ್ಟಿಯಲ್ಲಿರುವ ಮುಂದಿನವರಿಗೆ ಸೀಟು ಹೋಗುತ್ತದೆ. ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಮೈಗ್ರೇಷನ್ ಸರ್ಟಿಫಿಕೇಟ್‌ಗೆ ಆ ದಿನವೇ ಅರ್ಜಿ ಹಾಕಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ಬೇಕು. ಒಟ್ಟು ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು; ಮರುನೋಂದಣಿ ಮಾಡಿಸಿದರೆ ಇನ್ನೆರಡು.

ಆಯ್ಕೆಯಾಗಲಿಲ್ಲ. ಕಾರಣ ತಿಳಿಯುವುದು ಹೇಗೆ?

ಮೊದಲು ವಿಭಾಗಕ್ಕೆ ಹೋಗಿ ಮುಖ್ಯಸ್ಥರನ್ನು ಕೇಳಿ. ಅನೇಕ ಸಲ ‘ಅಂಕವಿತ್ತು, ಆ ಕ್ಷೇತ್ರಕ್ಕೆ ಗೈಡ್ ಇರಲಿಲ್ಲ’ ಎಂಬ ಉತ್ತರ ಸಿಗುತ್ತದೆ, ಹಾಗಿದ್ದರೆ ಮುಂದಿನ ಸಲ ಬೇರೆ ವಿಶ್ವವಿದ್ಯಾಲಯ ನೋಡಬೇಕು. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಅಭ್ಯರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಆದ್ದರಿಂದ ಉತ್ತರ ಪತ್ರಿಕೆಗೆ ಒಂದು ಅರ್ಜಿ, ಸಂದರ್ಶನದ ನಿಮ್ಮ ಅಂಕ ಮತ್ತು ನಡಾವಳಿಗೆ ಇನ್ನೊಂದು ಅರ್ಜಿ ಎಂದು ಬೇರೆ ಬೇರೆ ಹಾಕಿ.